ಪಂಕಾದ ಹಗ್ಗ

ಸ್ವಾತಂತ್ರ್ಯ ಬಂದ ಮರುವರ್ಷ, ಸವಣೂರಿನ ಹಳೆಯ ಸಾಹೇಬರ ಬಂಗಲೆ ಹೋಟೆಲಾಗಿತ್ತು. ಅದರೆದುರು ಹಾನಗಲ್ಲಿನ ಮೋಟಾರಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಯಂಕವ್ವ ತಮ್ಮ ಗಿರಿಯಪ್ಪನನ್ನು ಬೈಯುತ್ತಿದ್ದಳು.

“ಮ್ಯಾನೇಜರು ಹೊರಗ ಕಟ್ಟಿ ಮ್ಯಾಲ ಮಲ್ಕೊ ಅಂದ್ರೂ ರೊಕ್ಕ ಕೊಟ್ಟು ಒಳಗ ಖೋಲಿನ ಬೇಕಾಗಿತ್ತೇನು ನಿನಗ?”

“ಆ ಕಟ್ಟಿ ಮ್ಯಾಲ ಕುಂತು ಸಾಹೇಬ್ರಿಗೆ ಪಂಕಾ ಎಳದದ್ದು ಸಾಕಾತಕ್ಕ. ಗ್ವಾಡಿ ತೂತಿನ್ಯಾಗ ಹಗ್ಗ ಅಷ್ಟ ಕಾಣ್ತಿತ್ತು. ಒಳಗ ಜಂತಿಗೆ ತೂಗಹಾಕಿದ ಪಂಕಾ ನಿನ್ನೆನ ನೋಡಿದ್ನಿ.”

“ಚಂದ ಐತೇನು?”

“ಹರಕ ಅರಿವಿ.”

“ನಿನಗ ಯಾರು ಎಳದ್ರು?”

“ಒಬ್ಬ ಮುದುಕ ಬಂದಿದ್ದ. ಮನಿಗೆ ಹೋಗಿ ಮಲ್ಕೊ ಅಂದ್ನಿ.”

“ಸೆಕಿ ಆಗ್ಲಿಲ್ಲೇನು?”

“ಆತು.”

ಮೋಟಾರು ಬಂತು. ಗಿರಿಯಪ್ಪ ಹಾಸಿಗೆ ಗಂಟು ಎತ್ತಿಕೊಂಡ.

“ಗಂಟಿಗೆ ಕಟ್ಟೀಯಲ್ಲ, ಅದ್ಯಾವ ಹಗ್ಗ?”

“ಅದ, ಪಂಕಾದ್ದು. ಇನ್ನ ಆ ಕಟ್ಟಿ ಮ್ಯಾಲ ಯಾರನ್ನ ಕುಂದರಸ್ತಾರ, ಕುಂದರಸ್ಲಿ.”