ಹರಿಣಾಕ್ಷಿ ಕೇಳಿದ ಡಿಸ್ಕ್

ಎಂಬತ್ತೇಳನೇ ಇಸವಿ. ನಮ್ಮ ನೆರೆಮನೆಯ ಚಿತ್ತರಂಜನ ಬಂದರಿನ ಮೀನು ಕಂಪೆನಿಯಿಂದ ಜೆಪ್ಪುವಿನ ಮನೆಗೆ ನಡೆದು ಬರ್ತಾ ಇದ್ದ. ರಾತ್ರಿ. ಊರಿಗೆ ಊರೇ ಕರೆಂಟಿಲ್ಲ. ಹಾಳುಬಾವಿ ದಾಟುವಾಗ ಒಳಗಿಂದ ಸದ್ದು... ಕರ್‌ರ್... ಟಕ್. ಕರ್‌ರ್... ಟಕ್.

ಅವನ ಕಾಲು ನಿಂತಿತು. ಕಪ್ಪೆಯಲ್ಲ. ಆಫೀಸಿನ ಕಂಪ್ಯೂಟರು ಫ್ಲಾಪಿ ಓದುವ ಸದ್ದು.

ಆ ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಿದ್ದವಳು ಹೊಳೆಯಾಚೆಯ ಬೆಂಗ್ರೆಯ ಹರಿಣಾಕ್ಷಿ. ಕಂಪೆನಿ ಅದಕ್ಕೆ ಹೆಚ್ಚಿನ ಮೆಮೊರಿಯ ಕಾರ್ಡು ತರಿಸಿದಾಗ, ಆ ಮೆಮೊರಿಯನ್ನು ಯಾವುದಕ್ಕೆ ಬಿಡುವುದೆಂಬ ತೀರ್ಮಾನ ಚಿತ್ತರಂಜನನದ್ದು. ಪೂರ್ತಿ ಲೆಕ್ಕದ ಪ್ರೋಗ್ರಾಮಿಗೆ ಕೊಡಬಹುದು. ಇಲ್ಲವಾದರೆ ಅರ್ಧವನ್ನು ಡಿಸ್ಕಿನ ಹಾಗೆ ಬಳಸಬಹುದು. ಫ್ಲಾಪಿಗೆ ಕಾಯಬೇಕಾಗಿಲ್ಲ, ಕೆಲಸ ಬೇಗ ಮುಗೀತದೆ. ಆದರೆ ಕರೆಂಟ್ ಹೋದರೆ ಅದರಲ್ಲಿದ್ದದ್ದೆಲ್ಲ ಹೋಯಿತು. ಹರಿಣಾಕ್ಷಿ ಡಿಸ್ಕೇ ಮಾಡಿ ಎಂದು ಕೇಳಿಕೊಂಡಳು, ಹಾಗಾದರೆ ಕೊನೆಯ ಫೆರಿ ಸಿಗ್ತದೆ ಎಂದಳು. ಇವನು ಒಪ್ಪಲಿಲ್ಲ. ಅವನ ಹೆದರಿಕೆ ತಪ್ಪೂ ಅಲ್ಲ, ಇಲ್ಲಿಯ ಕರೆಂಟನ್ನು ಯಾರು ನಂಬುವುದು?

ಒಂದು ಸಂಜೆ ಕೆಲಸ ಮುಗಿಯುವಷ್ಟರಲ್ಲಿ ಫೆರಿ ಹೋಗಿತ್ತು. ಯಾರದ್ದೋ ಸಣ್ಣ ದೋಣಿ ಹತ್ತಿದಳು. ಹೊಳೆ ಕಡಲು ಸೇರುವ ಅಳಿವೆಯ ಹತ್ತಿರ ದೋಣಿ ಮಗುಚಿತು. ಹೆಣವೂ ಸಿಗಲಿಲ್ಲ.

ಚಿತ್ತರಂಜನನಿಗೆ ಅನ್ನ ಇಳಿಯದಾಯಿತು. ಕೊನೆಗೆ ಇವತ್ತು, ಎಲ್ಲರೂ ಹೋದ ಮೇಲೆ, ಕಾರ್ಡಿನ ಸ್ವಿಚ್ಚುಗಳನ್ನು ಬದಲಿಸಿ ಅವಳು ಕೇಳಿದ ಡಿಸ್ಕ್ ಮಾಡಿದ್ದ. ಅವಳು ಅರ್ಧಕ್ಕೆ ಬಿಟ್ಟ ಕೆಲಸವನ್ನು ಅದರಲ್ಲಿ ಹಾಕಿ, ಮೆಷಿನ್ ಆರಿಸದೆ ಬಂದಿದ್ದ.

ಈಗ ಬಾವಿಕಟ್ಟೆಯ ಆಚೆ ಯಾರೋ ಕೂತಿದ್ದರು. ಸೆರಗಿನಿಂದ ನೀರು... ತೊಟ್. ತೊಟ್.

"ಸರ್... ಇನ್ನೂ ಕಾಪಿ ಆಗ್ತಾ ಉಂಟು."

ಅವನು ಕೈ ಮುಗಿದ. "ಇವತ್ತು ನೀನು ಹೇಳಿದ ಹಾಗೆ ಮಾಡಿದ್ದೇನೆ ಹರಿಣಾಕ್ಷಿ... ಇನ್ನು ಮನೆಗೆ ಹೋಗು."

ಅವಳು ಪಿಸುಗುಟ್ಟಿದಳು, ಸಿಟ್ಟೇ ಇಲ್ಲದೆ.

"ಕರೆಂಟ್ ಹೋಯ್ತಲ್ಲ ಸರ್."

ಮತ್ತೆ ಕರ್‌ರ್... ಟಕ್.

ಮರುದಿನವೇ ಅವನು ಹೈವೇ ಬದಿಯ ನಂತೂರಿನ ಅಕ್ಕನ ಮನೆಗೆ ಹೋಗಿ ನಿಂತ. ಲಾರಿಗಳ ಗದ್ದಲದೊಳಗೂ ಅವನಿಗೆ ಅದೇ ಸದ್ದು. ಕಾರ್ಡನ್ನು ಮೊದಲಿನಂತೆ ಮಾಡಿ ನೋಡಿದ. ನಿಲ್ಲಲಿಲ್ಲ. ಕೆಲಸ ಬಿಟ್ಟ. ಮಾತು ಬಿಟ್ಟ. ಮುಂದಿನ ಮಳೆಗಾಲ ದಾಟಲಿಲ್ಲ.

ಕಂಪ್ಯೂಟರನ್ನು ಕಂಪೆನಿ ರೇಡಿಯೋ ರಿಪೇರಿಯ ಕಮರುದ್ದೀನನಿಗೆ ಮಾರಿತು. ಅವನಿಗೆ ಈ ಸುದ್ದಿ ಒಂದೂ ಗೊತ್ತಿಲ್ಲ. ಅವನು ಡಬ್ಬಿ ಬಿಚ್ಚುವಾಗ ನಾನು ಪಕ್ಕದಲ್ಲೇ ಇದ್ದೆ. ಒಳಗೆಲ್ಲ ಒಣ ಧೂಳು. ಕಾರ್ಡಿನ ಕೆಳಗೆ ಹೊಳೆಯ ಚಿಪ್ಪುಮೀನು, ಮರುವಾಯಿ ಒಂದು, ಚಿಪ್ಪು ಮುಚ್ಚಿಕೊಂಡು. ನೀರಿಗೆ ಹಾಕಿದೆವು... ಮೆಲ್ಲಗೆ ಬಾಯಿ ತೆರೆಯಿತು.

ಕಣ್ಣಾರೆ ಕಂಡದ್ದು ಮಾರಾಯ. ಅದಕ್ಕೆ ಜೀವ ಇತ್ತು.