ಫ್ಯೂಸು ಕಿತ್ತವರು

ಬಸ್ಸಿನ ಸಾಲಿನಲ್ಲಿ ನಿಂತಿದ್ದ ದರ್ಜಿಗೆ, ಮುಂದಿದ್ದ ಅಕ್ಕತಂಗಿಯರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ಆ ಹಳೇ ಡಬ್ಬಾ ಟಿವಿ ರಿಪೇರಿ ಆಯ್ತೇನೇ?”

“ಆಯ್ತಕ್ಕ. ಒಳಗೆ ಕರೆಂಟೇ ಹೋಗ್ತಿರಲಿಲ್ಲ. ರಿಪೇರಿಯವನು ಹಿಂದಿನ ಮುಚ್ಚಳ ಬಿಚ್ಚಿ, ‘ಫ್ಯೂಸು ಸುಟ್ಟಿಲ್ಲ, ಯಾರೋ ಕಿತ್ತಿದ್ದಾರೆ’ ಅಂದ. ಮನೆಯವರೆಲ್ಲರ ಎದುರಿಗೇ.”

“ಯಾರಂತೆ?”

“ನಾನೇ ಅಕ್ಕ. ಅತ್ತೆ ದಿನವಿಡೀ ಜೋರಾಗಿ ಹಾಕ್ಕೊಂಡಿರ್ತಿದ್ರು. ತಲೆ ಚಿಟ್ಟು ಹಿಡಿದುಹೋಗಿತ್ತು.”

“ಒಪ್ಪಿಕೊಂಡ್ಯಾ?”

“ಬಾಯಿ ತೆರೆಯೋಷ್ಟರಲ್ಲಿ ಅತ್ತೆ, ‘ನಾನೇ ಕಿತ್ತಿದ್ದು ಕಣಪ್ಪ, ಮುಚ್ಚಳ ಬಿಚ್ಚಿ ಧೂಳು ಒರೆಸುವಾಗ’ ಅಂದ್ಬಿಟ್ರು.”

“ಅವರು ಹಾಸಿಗೆ ಹಿಡಿದು ಎರಡು ವರ್ಷ ಆಯ್ತಲ್ಲೇ.”

“ರಿಪೇರಿಯವನೊಬ್ಬನನ್ನು ಬಿಟ್ಟು ಎಲ್ಲರಿಗೂ ಅದು ಗೊತ್ತಲ್ಲ ಅಕ್ಕ.”

ಬಸ್ಸು ಬಂತು. ಹತ್ತುವಾಗ ತಂಗಿ ತಲೆ ತಗ್ಗಿಸಿಕೊಂಡೇ ಅಂದದ್ದು ದರ್ಜಿಗೆ ಕೇಳಿಸಿತು.

“ಈಗ ಅವರು ಸೌಂಡೇ ಇಡಲ್ಲ. ಬರೀ ಚಿತ್ರ ನೋಡ್ತಾರೆ.”