ಓಣಿದೀಪ ತಂಡದ ಗಿಟಾರು ಕಳವಾಗಿಲ್ಲವೆಂಬ ಬಗ್ಗೆ

1. ಹೆಸರು: ಓಮನ್ ರುಕ್ಮಾನಾ
2. ವಯಸ್ಸು: 67 ವರ್ಷ
3. ಕಸುಬು: ಉಪಜಿಲ್ಲಾ ಕಚೇರಿಯ ನಿವೃತ್ತ ಗುಮಾಸ್ತ, ಹಾಲಿ ಅರ್ಜಿ ಬರೆದುಕೊಡುವುದು
4. ವಾಸ: ಪಸಿರ್ಜಾತಿ ಓಣಿ, ಉಜುಂಗ್ ಬರುಂಗ್, ಬಂಡುಂಗ್ ನಗರ
5. ಪ್ರಕರಣದಲ್ಲಿ ಸ್ಥಾನ: ಗಿಟಾರಿನ ಒಡೆಯ

ಠಾಣೆಯ ಬರಹಗಾರರ ಒಕ್ಕಣೆ ಸಮರ್ಪಕವಾಗಿಲ್ಲದ ಕಾರಣ, ಮೇಲ್ಕಂಡ ನಾನು ಅವರ ಅನುಮತಿ ಪಡೆದು ಸ್ವಹಸ್ತದಿಂದ ಬರೆದು ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಮಗ ಯಾಯಾನ್, ಅವನ ಗೆಳೆಯ ಎಂಟಿಸ್ ಹಾಗೂ ಡ್ರಮ್ ಬಾರಿಸುವ ಟಿಟಿನ್ ಎಂಬಾಕೆ 1996ರಲ್ಲಿ ನಮ್ಮ ಹಿತ್ತಿಲ ಕೋಣೆಯಲ್ಲಿ, ನನ್ನ ಹೆಂಡತಿ ಹಪ್ಪಳ ಒಣಹಾಕಿದ್ದ ತಟ್ಟೆಗಳ ನಡುವೆ, 'ಲಂಪು ಗಾಂಗ್' ಅಂದರೆ ಓಣಿದೀಪ ಎಂಬ ಪಂಕ್ ತಂಡ ಕಟ್ಟಿದರು. ಅಬ್ಬರದ ಸಂಗೀತವಾದರೂ ಅದರಲ್ಲಿ ರಾಗವಿತ್ತು. ನನ್ನ ಹೆಂಡತಿ ಹಪ್ಪಳ ಕರಿಯುತ್ತ ಅದನ್ನೇ ಗುನುಗುತ್ತಿದ್ದಳು. ಗಿಟಾರು ಕೊಡಿಸಿದವನು ನಾನು. ಕಚೇರಿಯ ಕುರ್ಚಿ, ಬೀರುಗಳಿಗೆ ಬರೆಯುವ ರೂಢಿಯಂತೆ ಅದರ ಬೆನ್ನಿಗೆ ಬಿಳಿ ಬಣ್ಣದಲ್ಲಿ ನನ್ನ ಹೆಸರು, ವಿಳಾಸ ಮತ್ತು 'ದಾಸ್ತಾನು ಸಂಖ್ಯೆ 1' ಎಂದು ಬರೆದೆನು.

ತಂಡದವರು ತಮ್ಮ ಕ್ಯಾಸೆಟ್‌ಗಳನ್ನು ತಾವೇ ತಯಾರಿಸಿ ತಾವೇ ಮಾರಿದರು. ಒಳಗಿಡುವ ಹಾಡಿನ ಹಾಳೆಗಳನ್ನು ನನ್ನ ಅಕ್ಷರದಲ್ಲಿ ಬರೆಸಿ ಜೆರಾಕ್ಸ್ ಮಾಡಿಸುತ್ತಿದ್ದರು. ಅಧಿಕಾರಿಗಳನ್ನು ಬೈಯುವ ಹಾಡೊಂದಕ್ಕೆ ಸಂಬೋಧನೆ ಇರಲಿಲ್ಲ. ಬೈಗುಳವೂ ಒಂದು ಅರ್ಜಿಯೇ ಆದುದರಿಂದ ನಾನು ಮೇಲೆ 'ಸನ್ಮಾನ್ಯರ ಸನ್ನಿಧಿಗೆ' ಎಂದು ಸೇರಿಸಿದೆನು. ಅವರು ಅದನ್ನೂ ಹಾಡಿದರು. ಗರುತ್‌ನಿಂದ ಮಲಾಂಗ್‌ವರೆಗೆ ಜನ ಆ ಸಾಲನ್ನೇ ಒಕ್ಕೊರಲಿನಿಂದ ಕೂಗುತ್ತಿದ್ದರು. ಜಕಾರ್ತದ ಕಂಪನಿಯೊಂದು ಆ ಸಾಲನ್ನು ತೆಗೆದರೆ ಕರಾರು ಮಾಡಿಕೊಳ್ಳುವುದಾಗಿ ತಿಳಿಸಿತು. ತಂಡದವರು ಒಪ್ಪಲಿಲ್ಲ.

ಇವರಲ್ಲೊಂದು ಪದ್ಧತಿಯಿದೆ. ಕೊನೆಯ ಹಾಡಿಗೆ ವಾದ್ಯಗಳನ್ನು ಕೆಳಗೆ ನಿಂತ ಕೇಳುಗರಿಗೆ ಕೊಡುತ್ತಾರೆ. ಕೇಳುಗರು ನುಡಿಸಿ, ಹಾಡು ಮುಗಿದೊಡನೆ ವೇದಿಕೆಗೆ ಮರಳಿಸುತ್ತಾರೆ. ಈವರೆಗೆ ಒಮ್ಮೆಯೂ ತಪ್ಪಿದ್ದಿಲ್ಲ.

ಇಂದು ಸಂಜೆ ಮಾರುಕಟ್ಟೆಯ ಹಿಂದಿನ ಸಭಾಂಗಣದಲ್ಲಿ ಕಾರ್ಯಕ್ರಮ ಮುಗಿದ ಮೇಲೆ, ಅಲ್ಲಿಂದ ಉತ್ತರಕ್ಕೆ ಸುಮಾರು ಒಂದು ಕಿಲೋಮೀಟರು ದೂರದಲ್ಲಿ, ಗಿಟಾರನ್ನು ಎದೆಗವಚಿಕೊಂಡು ನಡೆಯುತ್ತಿದ್ದ ಹಸಿರು ಕೂದಲಿನ ವಿವಿನ್ (19 ವರ್ಷ, ಬಟ್ಟೆ ಕಾರ್ಖಾನೆಯ ಕಾರ್ಮಿಕೆ) ಎಂಬವಳನ್ನು ಗಸ್ತಿನವರು ಹಿಡಿದರು. ಗಿಟಾರಿನ ಬೆನ್ನಿನ ಬರಹ ಓದಿ ನನ್ನನ್ನು ಕರೆಸಿದರು. ನಾನು ಸಂಜೆ 6 ಗಂಟೆ 10 ನಿಮಿಷಕ್ಕೆ ಠಾಣೆಗೆ ಬಂದು, ಸ್ವತ್ತು ನನ್ನದೇ, ಕಳವಾಗಿದೆ ಎಂದು ಹೇಳಿದೆನು. ಬೆಳಿಗ್ಗೆ ಪಾಳಿಗೆ ಹೋಗದಿದ್ದರೆ ಕೆಲಸದಿಂದ ತೆಗೆಯುತ್ತಾರೆಂದು ವಿವಿನ್ ಬೇಡಿಕೊಂಡಳು. ಪ್ರಕರಣ ದಾಖಲಾದರೆ ಬೆಳಿಗ್ಗೆ ಬಿಡಲಾಗದೆಂದು ಅಧಿಕಾರಿಗಳು ತಿಳಿಸಿದರು.

ಅಷ್ಟರಲ್ಲಿ ನನ್ನ ಮಗ ಬಂದನು. ಕೂರೆಂದರೂ ಕೂರಲಿಲ್ಲ, ಬಾಗಿಲಿಗೂ ಬೆಂಚಿಗೂ ಓಡಾಡಿದನು. ನಾನೂ ಎದ್ದು ಕುಳಿತು ಮಾಡಿದೆನು. ವಿವಿನಳ ಬೆರಳುಗಳು ಮೊಣಕಾಲ ಮೇಲೆ ತಂತಿ ಒತ್ತುವಂತೆ ಆಡುತ್ತಲೇ ಇದ್ದವು.

ಮಗನು, "ಕದ್ದಿಲ್ಲ ಅಬಾ (ಅಂದರೆ ಅಪ್ಪಾ). ವಾಪಸ್ ಕೊಡೋಕೆ ಹೋಗಿರ್ತಾಳೆ, ವೇದಿಕೆ ಮೇಲೆ ಯಾರೂ ಇರ್ಲಿಲ್ಲ. ಹಾಡು ಮುಗಿಯೋ ಮೊದ್ಲೇ ನಾವು ಇಳಿದು ಹೋಗಿದ್ವಿ," ಎಂದನು.

ಏಕೆಂದು ಕೇಳಲಾಗಿ, "ಇನ್ನು ನುಡಿಸಲ್ಲ. ಎಂಟಿಸ್ ನಾಳೆ ಬಾತಾಮ್ ದ್ವೀಪಕ್ಕೆ ಕೆಲಸಕ್ಕೆ ಹೊರಡ್ತಾನೆ. ಟಿಟಿನ್‌ಗೆ ಭುಜವೇ ಏಳಲ್ಲ. ಮೊದಲೇ ಹೇಳಿದ್ರೆ ಹಾಡೋ ಬದಲು ಎಲ್ಲಾ ಅಳ್ತಾ ನಿಲ್ತಿದ್ರು," ಎಂದನು.

ನನಗಾದರೂ ತಿಳಿಸಬಹುದಿತ್ತಲ್ಲ ಎಂದೆನು.

"ನಿಮಗೆ ಹೇಳಿದ್ರೆ ಲಿಖಿತವಾಗಿ ಕೊಡು ಅಂತಿದ್ರಿ."

ಇದು ನಿಜ.

ಉತ್ತರದ ರಸ್ತೆಯಲ್ಲೇಕೆ ಹೋಗುತ್ತಿದ್ದೆ ಎಂದು ಅದುವರೆಗೆ ಯಾರೂ ಕೇಳದ್ದರಿಂದ ವಿವಿನಳನ್ನು ನಾನೇ ವಿಚಾರಿಸಿದೆನು. ಅವಳ ಮನೆ ದಕ್ಷಿಣಕ್ಕೆ, ಗೆಡೆಬಾಗೆಯಲ್ಲಿದೆ. ಉತ್ತರಕ್ಕಿರುವುದು ನಮ್ಮ ಓಣಿ. ಅವಳು, "ಗಿಟಾರ್ ಹಿಂದೆ ವಿಳಾಸ ಇತ್ತಲ್ಲ ಅಬಾ, ನಿಮ್ಮನೆಗೇ ಬರ್ತಿದ್ದೆ. ಆ ಅಕ್ಷರ ನಂಗೆ ಗೊತ್ತು. ಕ್ಯಾಸೆಟ್ ಹಾಳೆ ನೋಡ್ಕೊಂಡೇ ಹಾಡು ಕಲ್ತಿದ್ದು," ಎಂದಳು.

ಆದಕಾರಣ ಕಳವು ನಡೆದಿಲ್ಲ. ನನ್ನ ಮೊದಲಿನ ಮಾತನ್ನು ಹಿಂಪಡೆದಿದ್ದೇನೆ. ವಿವಿನಳನ್ನು ಈಗಲೇ ಬಿಡತಕ್ಕದ್ದು. ಗಿಟಾರನ್ನು ನನಗಾಗಲಿ ನನ್ನ ಮಗನಿಗಾಗಲಿ ಕೊಡದೆ ಅವಳ ಕೈಗೇ ಕೊಡತಕ್ಕದ್ದು. ಮಗನ ಒಪ್ಪಿಗೆಯಿದೆ, ಬಾಯಿಮಾತಿನಲ್ಲಿ ಪಡೆದಿದ್ದೇನೆ. ದಾಸ್ತಾನು ಸಂಖ್ಯೆಯನ್ನು ಠಾಣೆಯ ಬ್ಲೇಡಿನಿಂದ ನಾನೇ ಕೆರೆದು ತೆಗೆದಿದ್ದೇನೆ. ಹೆಸರು, ವಿಳಾಸವನ್ನು ಹಾಗೆಯೇ ಉಳಿಸಿದ್ದೇನೆ. ಮುಂದೆ ಯಾರಾದರೂ ಅವಳನ್ನು ರಸ್ತೆಯಲ್ಲಿ ತಡೆದರೆ ನನ್ನನ್ನು ಕರೆಸತಕ್ಕದ್ದು.

ಇದರಲ್ಲಿರುವುದು ನಾನು ಕಂಡದ್ದು ಮತ್ತು ಕೇಳಿದ್ದು. ಓದಿ ನೋಡಿ, ಸರಿಯೆಂದು ಒಪ್ಪಿ ರುಜು ಹಾಕಿದ್ದೇನೆ.

ಸ್ಥಳ: ಉಜುಂಗ್ ಬರುಂಗ್
ದಿನಾಂಕ: 13-11-2011, ಭಾನುವಾರ

(ಸಹಿ) ಓಮನ್ ರುಕ್ಮಾನಾ

ಲಗತ್ತು: ಕ್ಯಾಸೆಟ್ಟಿನ ಹಾಡಿನ ಹಾಳೆ, ಒಂದು. ವಿವಿನಳ ಜೇಬಿನಿಂದ ಪಡೆದದ್ದು. ಅಕ್ಷರ ತಾಳೆ ನೋಡಿದ ಬಳಿಕ ಅವಳಿಗೆ ಹಿಂತಿರುಗಿಸತಕ್ಕದ್ದು.